ಸಮಾನ ಅವಕಾಶ ಭರ್ತಿಯಾಗಿದೆ

ವಿಶ್ವವಿದ್ಯಾಲಯದ ನೋಂದಣಿ ಕಿಟಕಿಯ ಗಾಜಿಗೆ ಒಂದು ಚೀಟಿ ಅಂಟಿಸಿದ್ದರು: ‘ಸಮಾನ ಅವಕಾಶ ಭರ್ತಿಯಾಗಿದೆ.’

ಬರೆದವರಿಗೆ ನಗು ಬಂದಿರಲಿಲ್ಲ ಎಂಬುದು ಅಕ್ಷರ ನೋಡಿದರೇ ತಿಳಿಯುತ್ತಿತ್ತು. ಅಷ್ಟು ದುಂಡಗೆ, ಅಷ್ಟು ಶ್ರದ್ಧೆಯಿಂದ ಬರೆದಿದ್ದರು. ಯಾವ ಕಾಲಕ್ಕೆ, ಯಾವ ಗೋಡೆಗೆ ಅಂಟಿಸಿದರೂ ಸುಳ್ಳಾಗದ ಚೀಟಿ ಅದು. ಆದರೆ ಅಲ್ಲಿ ಅದು ಲೋಕದ ಮಾತಾಗಿರಲಿಲ್ಲ. ‘ಸಮಾನ ಅವಕಾಶ’ ಎಂಬುದು ಸಂಜೆ ಪದವಿಯ ಕೊನೆಯ ವರ್ಷದ ಒಂದು ಪೇಪರು. ಅದನ್ನು ಪಾಸು ಮಾಡದವನಿಗೆ ಪದವಿ ಇಲ್ಲ.

ಚೀಟಿಯ ಮುಂದೆ ನಿಂತಿದ್ದವನನ್ನು ಎಲ್ಲರೂ ಲಿಫ್ಟಣ್ಣ ಎನ್ನುತ್ತಿದ್ದರು. ದೊಡ್ಡಾಸ್ಪತ್ರೆಯ ಹಳೆಯ ಲಿಫ್ಟು ನಡೆಸುವುದು ಅವನ ಕೆಲಸ. ಕಂಬಿಯ ಬಾಗಿಲು ಎಳೆದು, ಹಿಡಿ ತಿರುಗಿಸಿ, ಜನರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತಾ ಅವನ ತಲೆಗೂದಲು ಅರ್ಧ ನರೆತಿತ್ತು. ಈಗ ಆಸ್ಪತ್ರೆಗೆ ಹೊಸ ಲಿಫ್ಟು ಬರುತ್ತಿತ್ತು. ಅದರಲ್ಲಿ ರೋಗಿಗಳೇ ಗುಂಡಿ ಒತ್ತಿಕೊಳ್ಳಬೇಕು. ಪದವಿ ಇದ್ದವರನ್ನು ಚೀಟಿ ಬರೆಯುವ ಕೌಂಟರಿಗೆ ಹಾಕುತ್ತೇವೆ, ಇಲ್ಲದವರು ಈ ವರ್ಷದ ಕೊನೆಗೆ ಮನೆಗೆ ಹೋಗಬಹುದು ಎಂದು ಆಡಳಿತ ಮಂಡಳಿ ಬಲು ಮೃದುವಾಗಿ ಹೇಳಿತ್ತು. ಬೇರೆಲ್ಲ ಪೇಪರು ಮುಗಿಸಿದ್ದ ಲಿಫ್ಟಣ್ಣನಿಗೆ ಉಳಿದಿದ್ದು ಇದೊಂದೇ. ನೋಂದಣಿಗೆ ಇವತ್ತೇ ಕೊನೆ ದಿನ.

ಅವನು ಕಿಟಕಿಯೊಳಗೆ ಬಗ್ಗಿದ. ಒಳಗಿದ್ದ ಗುಮಾಸ್ತ ಹಲ್ಲಿಗೆ ಸಿಕ್ಕಿದ್ದೇನನ್ನೋ ನಾಲಿಗೆಯಿಂದ ಹುಡುಕುತ್ತಿದ್ದ.

“ಸಾರ್, ನಾನು ಸಮಾನ ಅವಕಾಶ ತಗೋಬೇಕು.”

“ಎಲ್ರೂ ತಗೋಬೇಕು. ಇಲ್ಲ.”

“ನಂಗೆ ಕಡ್ಡಾಯ ಸಾರ್.”

“ಕಡ್ಡಾಯ ಮಾಡೋರು ಮೇಲಿನ ಮಹಡೀಲಿ ಕೂತಿದ್ದಾರೆ. ಭರ್ತಿ ಮಾಡೋರು ನಾವು, ಕೆಳಗಿದ್ದೀವಿ. ಅವರಿಗೂ ನಮಗೂ ಮಾತುಕತೆ ಇಲ್ಲ. ಮುಂದಿನ ವರ್ಷ ಬನ್ನಿ.”

“ಮುಂದಿನ ವರ್ಷಕ್ಕೆ ನನ್ನ ಲಿಫ್ಟೇ ಇರಲ್ಲ ಸಾರ್.”

“ಮೆಟ್ಟಿಲು ಹತ್ತಿ. ಆರೋಗ್ಯಕ್ಕೆ ಒಳ್ಳೇದು.”

“ಮೂಲೇಲಿ ನಿಂತ್ಕೊಂಡಾದ್ರೂ ಕೇಳ್ತೀನಿ ಸಾರ್.”

ಗುಮಾಸ್ತನಿಗೆ ಸಿಟ್ಟು ಬಂತು. “ರೀ, ರೂಮಲ್ಲಿ ಎಷ್ಟು ಕುರ್ಚಿ ಇದೆಯೋ ಅಷ್ಟೇ ಸೀಟು. ಅರವತ್ತು ಕುರ್ಚಿ, ಅರವತ್ತು ಸೀಟು. ನೀವೇನು ಮನೆಯಿಂದ ಕುರ್ಚಿ ಹೊತ್ಕೊಂಡ್ ಬರ್ತೀರಾ?”

ಬೇರೆ ಯಾರಾದರೂ ಆಗಿದ್ದರೆ ಈ ಮಾತಿನ ಮುಳ್ಳು ತಾಗಿ ಹಿಂದೆ ಸರಿಯುತ್ತಿದ್ದರು. ಲಿಫ್ಟಣ್ಣನ ಕಸುಬು ಬೇರೆ ಥರದ್ದು. ಯಾರಾದರೂ “ಮೂರು” ಎಂದರೆ ಅವನು ಮೂರಕ್ಕೇ ಹೋಗಬೇಕು. ಮೂರು ಎಂದದ್ದು ಹಾಸ್ಯವೋ, ಹಂಗಿಸಿದ್ದೋ ಎಂದು ಯೋಚಿಸುತ್ತ ನಿಂತರೆ ಲಿಫ್ಟು ನಡೆಯುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆ ನಡೆಸಿಕೊಡುವುದು ಅವನ ಮೈಗೆ ಹತ್ತಿಹೋಗಿತ್ತು.

“ಬರ್ತೀನಿ ಸಾರ್,” ಎಂದ. “ಎಷ್ಟೊತ್ತಿನವರೆಗೆ ತೆಗೆದಿರ್ತೀರಾ?”

ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಅವನದೇ ಆಸ್ಪತ್ರೆಯ ನರ್ಸಮ್ಮ ಕೂತಿದ್ದಳು. ಅವಳಿಗೂ ಇದೇ ಪೇಪರು ಬೇಕಿತ್ತು, ಅವಳಿಗೂ ಇದೇ ಉತ್ತರ ಸಿಕ್ಕಿತ್ತು. “ಲಿಫ್ಟಣ್ಣಾ, ಅವನು ನಿನ್ನ ಆಡ್ಕೊಂಡಿದ್ದು ಕಣೋ!” ಎಂದು ಕೂಗಿದಳು. ಅಷ್ಟರಲ್ಲಿ ಲಿಫ್ಟಣ್ಣ ಗೇಟು ದಾಟಿದ್ದ.

*

ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದಕ್ಕೆ ಮೂರು ಕಾಲು ತನ್ನದು, ನಾಲ್ಕನೆಯದು ತಂತಿಯದು. ಗೋಡೆಗೆ ಒರಗಿಸಿದರೆ ನಿಲ್ಲುತ್ತಿತ್ತು.

“ಇದನ್ನ ತಗೊಂಡ್ ಹೋದ್ರೆ ಗೋಡೇನೂ ತಗೊಂಡ್ ಹೋಗ್ಬೇಕು,” ಎಂದಳು ಹೆಂಡತಿ. ಬೇಕರಿಯಲ್ಲಿ ಮಧ್ಯಾಹ್ನದ ಪಾಳಿಗೆ ಹೊರಟು ನಿಂತಿದ್ದವಳು, ಕೂದಲಿಗೆ ಟೋಪಿ ಸಿಕ್ಕಿಸಿಕೊಳ್ಳುತ್ತಿದ್ದಳು. “ಅಲ್ಲ ರೀ, ನೀವು ಓದೋಕೆ ಹೋಗ್ತಿದ್ದೀರೋ, ಮನೆ ಖಾಲಿ ಮಾಡ್ತಿದ್ದೀರೋ?”

“ಕುರ್ಚಿ ತಂದ್ರೆ ಸೀಟು ಕೊಡ್ತೀನಿ ಅಂದಿದ್ದಾರೆ ಕಣೇ.”

“ಹಾಗಂದ್ರಾ? ಇಲ್ಲ, ಹೊತ್ಕೊಂಡ್ ಬರ್ತೀರಾ ಅಂದ್ರಾ?”

ಲಿಫ್ಟಣ್ಣ ಕುರ್ಚಿಯ ತಂತಿಯ ಕಾಲನ್ನು ಬಿಗಿ ಮಾಡತೊಡಗಿದ. ಹೆಂಡತಿಗೆ ನಗು ಬಂತು, ಆಮೇಲೆ ಅವನ ಮುಖ ನೋಡಿ ನಗು ಹೋಯಿತು. ವರ್ಷದ ಕೊನೆಗೆ ಏನಾಗುತ್ತದೆಂದು ಅವಳಿಗೂ ಗೊತ್ತು. ಬೇಕರಿಯ ಒಲೆಯೊಂದೇ ಮನೆಯ ಒಲೆಯನ್ನೂ ಉರಿಸಬೇಕಾಗುತ್ತದೆ.

ಆಗ ಎದುರು ಮನೆಯ ಬಾಗಿಲು ಪೂರ್ತಿ ತೆರೆಯಿತು. ಅದು ಯಾವಾಗಲೂ ಅರ್ಧ ತೆರೆದೇ ಇರುತ್ತಿತ್ತು. ಆ ಅರ್ಧದಲ್ಲಿ ಒಂದು ಕಿವಿ ಇರುತ್ತಿತ್ತು. ಕಿವಿಯ ಯಜಮಾನನಿಗೆ ಕಟ್ಟಡದವರೆಲ್ಲ ರೂಲ್ಸ್ ತಾತ ಎಂದು ಹೆಸರಿಟ್ಟಿದ್ದರು. ಯಾವುದೋ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತನಾದ ಮುದುಕ. ನಲ್ಲಿಯಲ್ಲಿ ನೀರು ಬರದಿದ್ದರೂ ಅದಕ್ಕೊಂದು ನಿಯಮ ಹೇಳುತ್ತಿದ್ದ.

“ಏನಯ್ಯಾ, ಕೌಂಟರಿನಲ್ಲಿ ಕೂತವನು ಬಾಯಿ ಬಿಟ್ಟು ಹೇಳಿದ್ನೋ ಇಲ್ವೋ?”

“ಹೇಳಿದ್ರು ತಾತ. ಆದ್ರೆ ಬೈದು ಹೇಳಿದ್ರು.”

“ಬೈದ್ರೂ ಆದೇಶ ಆದೇಶವೇ. ಬರವಣಿಗೇಲಿ ಇಲ್ದಿದ್ರೆ ಅದಕ್ಕೆ ಮೌಖಿಕ ಆದೇಶ ಅಂತಾರೆ. ಸರ್ವೀಸಿನಲ್ಲಿ ನನಗೆ ಬೈಯದೆ ಯಾರೂ ಒಂದು ಆದೇಶಾನೂ ಕೊಟ್ಟಿಲ್ಲ. ತಗೋ, ನನ್ನ ಕುರ್ಚಿ ತಗೊಂಡ್ ನಡಿ.”

ತಾತನ ಕುರ್ಚಿಯೆಂದರೆ ಸಾಮಾನ್ಯವಲ್ಲ. ಎತ್ತರದ ಬೆನ್ನು, ಅಗಲವಾದ ಕೈಗಳು, ಆನೆಯ ಕಾಲಿನಂಥ ಕಾಲುಗಳು. ಕಚೇರಿಯವರು ಹಳೆ ಸಾಮಾನು ಹರಾಜು ಹಾಕಿದಾಗ, ತಾನು ಜೀವಮಾನವಿಡೀ ಕೂತ ಕುರ್ಚಿಯನ್ನು ತಾನೇ ಬಿಡಿಸಿಕೊಂಡು ಬಂದಿದ್ದ. ಲಿಫ್ಟಣ್ಣ ಅದನ್ನು ತಲೆಯ ಮೇಲೆ ಹೊತ್ತಾಗ ಕತ್ತು ಭುಜದೊಳಕ್ಕೆ ಇಳಿದುಹೋಯಿತು.

“ನಾನೂ ಬರ್ತೀನಿ,” ಎಂದು ತಾತ ಚಪ್ಪಲಿ ಮೆಟ್ಟಿದ. “ಈ ಕುರ್ಚಿ ನಾನಿಲ್ದೆ ಎಲ್ಲಿಗೂ ಹೋಗಿಲ್ಲ.”

*

ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರು ಮೆಟ್ಟಿಲ ಮೇಲೇ ತಡೆದ. “ಏನ್ರೀ ಇದು? ಫುಲ್ ಆಗಿದೆ, ಕಾಣ್ಸಲ್ವಾ?”

“ಫುಲ್ ಅಂದ್ರೆ ಏನು?” ಎಂದು ತಾತ ಕೇಳಿದ. “ಸೀಟು ಫುಲ್. ಹೌದೋ ಅಲ್ವೋ? ನಮ್ಮ ಸೀಟು ನಾವೇ ತಂದಿದ್ದೀವಿ.”

ಕಂಡಕ್ಟರಿಗೆ ಈ ಪ್ರಶ್ನೆ ತರಬೇತಿಯಲ್ಲಿ ಬಂದಿರಲಿಲ್ಲ. ಹಿಂದಿದ್ದವರು “ಏ ಬಿಡಪ್ಪಾ, ಹೋಗೋಣ” ಎಂದು ಕೂಗಿದರು. ಕುರ್ಚಿ ಒಳಗೆ ಬಂತು. ಅದು ನೆಲಕ್ಕೆ ತಾಗುವುದೇ ತಡ, ತಾತ ಅದರಲ್ಲಿ ಕೂತು ಎರಡೂ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಸಿಂಹಾಸನವೇರಿದವನಂತೆ ಸುತ್ತ ನೋಡಿದ. ಹೊತ್ತು ತಂದ ಲಿಫ್ಟಣ್ಣ ಅದು ಜಾರದಂತೆ ಬೆನ್ನು ಹಿಡಿದು ನಿಂತ. ಹೊತ್ತವನು ನಿಂತಿದ್ದ, ಹೊರಿಸಿದವನು ಕೂತಿದ್ದ. ಅವಕಾಶದ ಚರಿತ್ರೆ ಓದಬೇಕೆನ್ನುವವರು ವಿಶ್ವವಿದ್ಯಾಲಯದ ತನಕ ಹೋಗಬೇಕಾಗಿರಲಿಲ್ಲ, ಆ ಬಸ್ಸಿನಲ್ಲೇ ಮುಗಿಸಿಕೊಳ್ಳಬಹುದಿತ್ತು.

ಪ್ರತಿ ನಿಲ್ದಾಣದಲ್ಲೂ ಕಂಡಕ್ಟರು “ಫುಲ್, ಫುಲ್” ಎಂದು ಕೈಯಾಡಿಸುತ್ತಿದ್ದ. ಕೆಳಗೆ ನಿಂತವರ ಮುಖಗಳು ಹಿಂದಕ್ಕೆ ಸರಿಯುತ್ತಿದ್ದವು. ಲಿಫ್ಟಣ್ಣ ಆ ಮುಖಗಳು ಮರೆಯಾಗುವವರೆಗೂ ನೋಡಿದ. ಆ ಮಾತನ್ನು ಲಿಫ್ಟಿನಲ್ಲಿ ತಾನೂ ಎಷ್ಟು ಸಲ ಹೇಳಿದ್ದನೋ! ಒಮ್ಮೆ ಒಬ್ಬ ಮುದುಕಿ ಬಿಸಿನೀರಿನ ಫ್ಲಾಸ್ಕು ಎದೆಗವಚಿಕೊಂಡು ಕಂಬಿಯಾಚೆ ನಿಂತಿದ್ದಳು. “ಫುಲ್ ಅಜ್ಜಿ” ಎಂದು ಬಾಗಿಲೆಳೆದಿದ್ದ. ಒಳಗೆ ನಿಂತವರೆಲ್ಲ ಆಗ ಕಾಲ ಬೆರಳು ನೋಡಿಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬ ಹಣ್ಣು ಕೊಂಡು ಬರುತ್ತಿದ್ದ ಗಟ್ಟಿಮುಟ್ಟಾದ ಆಳು, ಒಂದನೇ ಮಹಡಿಗೆ ಹೊರಟವನು. ಬೋರ್ಡಿನಲ್ಲಿ ಎಂಟು ಜನ ಎಂದಿತ್ತು, ಎಂಟು ಜನ ಇದ್ದರು. ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿಯಿದ್ದ ಮೇಲೆ ಯಾರನ್ನು ಒಳಗೆ ಬಿಟ್ಟೆವು ಎಂದು ಯಾರು ಕೇಳುತ್ತಾರೆ?

“ಏನಯ್ಯಾ ಯೋಚನೆ?” ಎಂದ ತಾತ ಕೂತಲ್ಲಿಂದಲೇ.

“ಏನಿಲ್ಲ ತಾತ. ಈ ಫುಲ್ ಅನ್ನೋದು ಹೊರಗೆ ನಿಂತೋರಿಗೆ ಮಾತ್ರ ಕೇಳ್ಸೋ ಮಾತು.”

“ಅದಕ್ಕೇ ಹೇಳೋದು, ಕುರ್ಚಿ ನಿಂದೇ ಇರ್ಬೇಕು ಅಂತ,” ಎಂದ ತಾತ, ತನ್ನ ಕುರ್ಚಿಯಲ್ಲಿ ಇನ್ನಷ್ಟು ಒರಗಿ ಕೂತು.

*

ವಿಶ್ವವಿದ್ಯಾಲಯದ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. “ಯಾರ್ದು ಕುರ್ಚಿ? ಎಲ್ಲಿಗೆ?”

ಲಿಫ್ಟಣ್ಣ ಏದುಸಿರು ಬಿಡುತ್ತಿದ್ದ. ತಾತನೇ ಉತ್ತರಿಸಿದ. “ಇವರ್ದೇ. ಸಮಾನ ಅವಕಾಶ ಕ್ಲಾಸ್ ತಗೊಳ್ಳೋಕೆ ಬಂದಿದ್ದಾರೆ.”

ಕಾವಲುಗಾರ ಲಿಫ್ಟಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಪ್ಯಾಂಟು, ಪಾಲಿಶ್ ಮಾಡಿದ ಬೂಟು. ಲಿಫ್ಟಿನವನ ಸಮವಸ್ತ್ರ. ಅರ್ಧ ನರೆತ ತಲೆ. ಕಾವಲುಗಾರನ ಕೈ ತಾನಾಗಿ ಹಣೆಗೆ ಹೋಯಿತು. “ಬಂದ್ರಾ! ಅಂತೂ ಬಂದ್ರಲ್ಲಾ!” ಎಂದು ಕುರ್ಚಿಯನ್ನು ಕಿತ್ತುಕೊಂಡು ತನ್ನ ತಲೆಯ ಮೇಲಿಟ್ಟು ಮುಂದೆ ಓಡಿದ. ಬೆಳಿಗ್ಗೆಗಿಂತ ಇಲ್ಲಿಯ ಜನ ಎಷ್ಟು ಒಳ್ಳೆಯವರಾಗಿದ್ದಾರೆ ಎಂದು ಲಿಫ್ಟಣ್ಣ ಆಶ್ಚರ್ಯಪಟ್ಟ.

ಕುರ್ಚಿ ಕಿಟಕಿಯ ಹತ್ತಿರ ನಿಲ್ಲಲಿಲ್ಲ. ನೇರವಾಗಿ ವಿಭಾಗದ ಕೋಣೆಗೆ ಹೋಯಿತು. ಅಲ್ಲಿ ಪ್ರಭಾರಿ ಮೇಡಂ ಇದ್ದರು. ಖಾಯಂ ಮುಖ್ಯಸ್ಥರನ್ನು ನೇಮಿಸುವವರೆಗೆ ನೋಡಿಕೊಳ್ಳಿ ಎಂದು ಕೂರಿಸಿ ಮರೆತುಬಿಟ್ಟ ಹೆಂಗಸು. ಒಂದು ಕಿವಿಯಲ್ಲಿ ಫೋನು, ಇನ್ನೊಂದು ಕಿವಿಯಲ್ಲಿ ತಲೆನೋವು. ಕುರ್ಚಿಯನ್ನೂ ಅದರ ಹಿಂದೆ ಬಂದ ಬಿಳಿ ಅಂಗಿಯನ್ನೂ ನೋಡಿ ಫೋನಿಟ್ಟರು.

“ನೀವು... ಸಮಾನ ಅವಕಾಶ ತಗೊಳ್ಳೋಕೆ ಬಂದ್ರಾ?”

“ಹೌದು ಮೇಡಂ. ಈ ವರ್ಷಾನೇ ತಗೋಬೇಕು.”

“ಈ ವರ್ಷ ಏನು, ಇವತ್ತೇ ತಗೊಳ್ಳಿ! ಕೂತ್ಕೊಳ್ಳಿ, ಕೂತ್ಕೊಳ್ಳಿ.”

“ಇದು ಆಗ್ಲಿಲ್ಲಾಂದ್ರೆ ನನ್ನ ಕೆಲಸ ಹೋಗತ್ತೆ ಮೇಡಂ.”

“ನಂದೂ ಹೋಗತ್ತೆ!” ಎಂದರು ಮೇಡಂ, ಕರುಳಿನಿಂದ ಬಂದ ದನಿಯಲ್ಲಿ. “ಕುರ್ಚಿ ಬೇರೆ ತಂದಿದ್ದೀರ. ಮೇಜು ಕೇಳಿ ಓಡಿಹೋದವರನ್ನ ನೋಡಿದ್ದೀನಿ, ಫ್ಯಾನ್ ಕೇಳಿ ಓಡಿಹೋದವರನ್ನ ನೋಡಿದ್ದೀನಿ. ಕುರ್ಚಿ ಹೊತ್ಕೊಂಡು ಬಂದವರನ್ನ ಇವತ್ತೇ ನೋಡ್ತಿರೋದು. ಇಷ್ಟು ದಿನ ಎಲ್ಲಿದ್ರಿ?”

“ಆಸ್ಪತ್ರೇಲಿ ಮೇಡಂ.”

“ಅಯ್ಯೋ. ಏನು ತೊಂದ್ರೆ?”

“ತೊಂದ್ರೆ ಏನಿಲ್ಲ. ದಿನವಿಡೀ ಮೇಲೆ ಕೆಳಗೆ, ಮೇಲೆ ಕೆಳಗೆ. ಅಷ್ಟೇ.”

“ಓ, ಬೀಪಿ. ನನಗೂ ಇದೆ. ಅನುಭವ ಎಷ್ಟಿದೆ?”

“ನನ್ನ ಕೈಯಲ್ಲಿ ಮೇಲೆ ಹೋದವರಿಗೆ ಲೆಕ್ಕ ಇಲ್ಲ ಮೇಡಂ.”

ಮೇಡಂ ಅವರ ಕಣ್ಣಂಚು ಒದ್ದೆಯಾಯಿತು. “ನೋಡಿ, ಇದು ನಿಜವಾದ ತೃಪ್ತಿ. ನಮ್ಮ ಈಗಿನವರಿಗೆ ಅದೆಲ್ಲಿ ಅರ್ಥವಾಗತ್ತೆ?”

ಪದವಿಯ ವಿಷಯ ಅವರು ಕೇಳಲಿಲ್ಲ. ಹಸಿದವನು ಅನ್ನದ ಜಾತಕ ಕೇಳುವುದಿಲ್ಲ. ಕಿಟಕಿಗೆ ಫೋನು ಮಾಡಿ “ಅವರು ಬಂದ್ರು, ಇವತ್ತಿಂದಲೇ ತಗೋತಾರೆ, ಬರ್ಕೊಳ್ಳಿ” ಎಂದರು. ಅಷ್ಟು ಕೇಳಿ ಲಿಫ್ಟಣ್ಣನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸೀಟು ಸಿಕ್ಕಿಬಿಟ್ಟಿತು! ಇಷ್ಟು ಸಣ್ಣ ಕೆಲಸಕ್ಕೆ ಜನ ಯಾಕೆ ಬಾಗಿಲು ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಾರೆ?

*

ತರಗತಿಯ ಕೋಣೆ ನಿಜವಾಗಿಯೂ ತುಂಬಿತ್ತು. ಮೇಡಂ ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು ನಿಂತರು. ಲಿಫ್ಟಣ್ಣ ಯಾರು ಬಂದರೋ ಎಂದು ತನ್ನ ಹಿಂದೆ ನೋಡಿದ. ತಾತ ಬಿಟ್ಟರೆ ಯಾರೂ ಇರಲಿಲ್ಲ.

ಕಾವಲುಗಾರ ಕುರ್ಚಿ ಇಳಿಸಿದ. ಲಿಫ್ಟಣ್ಣ ಅದನ್ನು ಎತ್ತಿಕೊಂಡು ಹಿಂದಿನ ಸಾಲಿಗೆ ಹೊರಟ.

“ಅಲ್ಲಲ್ಲ, ಇಲ್ಲಿ, ಮುಂದೆ,” ಎಂದರು ಮೇಡಂ.

“ಬೇಡ ಮೇಡಂ, ನನಗೆ ಹಿಂದೇನೇ ಸಾಕು.”

“ಎಂಥಾ ಸರಳತೆ!” ಎಂದು ಮೇಡಂ ತರಗತಿಯ ಕಡೆ ತಿರುಗಿದರು. “ಮೂರು ವರ್ಷದಿಂದ ಈ ಪೇಪರಿಗೆ ಮೇಷ್ಟ್ರಿರಲಿಲ್ಲ. ಇನ್ಮೇಲೆ ಇವರೇ ನಿಮ್ಮ ಕ್ಲಾಸ್ ತಗೋತಾರೆ.”

ಕೋಣೆ ಗಪ್‌ಚಿಪ್ ಆಯಿತು. ಆ ಮೌನದಲ್ಲಿ ‘ತಗೋತಾರೆ’ ಎಂಬ ಮಾತು ಲಿಫ್ಟಣ್ಣನ ತಲೆಯೊಳಗೆ ನಿಧಾನವಾಗಿ, ಒಂದೊಂದೇ ಮಹಡಿ ಇಳಿದು, ಕೊನೆಗೆ ದಡ್ ಎಂದು ನೆಲಕ್ಕೆ ಕೂತಿತು. ಓದುವವನೂ ಕ್ಲಾಸ್ ತಗೊಳ್ಳುತ್ತಾನೆ, ಓದಿಸುವವನೂ ಕ್ಲಾಸ್ ತಗೊಳ್ಳುತ್ತಾನೆ. ಗೇಟಿನಿಂದ ಇಲ್ಲಿಯವರೆಗೆ ಅವನು ಒಂದನ್ನು ಕೇಳುತ್ತಿದ್ದ, ಅವರು ಇನ್ನೊಂದನ್ನು ಕೊಡುತ್ತಿದ್ದರು.

“ಮೇಡಂ, ನಾನು ತಗೊಳ್ಳೋದು ಅಂದ್ರೆ ಆ ಥರ ತಗೊಳ್ಳೋದಲ್ಲ...” ಎನ್ನುವಷ್ಟರಲ್ಲಿ ಮೇಡಂ ಮೇಲಿನವರಿಗೆ ಸುದ್ದಿ ಮುಟ್ಟಿಸಲು ಹೋಗಿಯಾಗಿತ್ತು.

“ತಾತ, ಈಗೇನ್ ಮಾಡ್ಲಿ?”

“ಮೌಖಿಕ ಆದೇಶ,” ಎಂದು ತಾತ ಪಿಸುಗುಟ್ಟಿದ. “ಮೀರೋ ಹಾಗಿಲ್ಲ. ಕೂತ್ಕೋ.” ಜೀವಮಾನದಲ್ಲಿ ಮೊದಲ ಸಲ ತನ್ನ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂರಿಸಿ, ತಾನು ಬಾಗಿಲ ಹೊರಗೆ ಜವಾನನ ಹಾಗೆ ನಿಂತುಕೊಂಡ. ಮುಖದಲ್ಲಿ ಎಂಥದೋ ಹೆಮ್ಮೆ.

ಮುಂದಿನ ಸಾಲಿನ ಒಬ್ಬ ಹುಡುಗಿ ಕೈಯೆತ್ತಿದಳು. “ಸಾರ್, ನೀವು ದಿನಾ ಬರ್ತೀರಾ?”

“ಬರದೆ ಏನಮ್ಮಾ? ಹಾಜರಿ ಇಲ್ಲಾಂದ್ರೆ ಪರೀಕ್ಷೆಗೆ ಕೂರಿಸಲ್ವಲ್ಲ,” ಎಂದ ಲಿಫ್ಟಣ್ಣ. ಅದು ಅವನ ಭಯ. ಹುಡುಗರಿಗೆ ಅದು ಬೆದರಿಕೆಯಾಗಿ ಕೇಳಿಸಿತು.

“ಪರೀಕ್ಷೆ ಇರತ್ತಾ ಸಾರ್?” ಹಿಂದಿನಿಂದ ಒಂದು ಗಂಡು ದನಿ.

“ಇರದೆ?”

“ಅಂದ್ರೆ... ಬರೀಬೇಕಾ?”

“ಬರೀದೆ ಪಾಸಾದೋರನ್ನ ನಾನಂತೂ ಕಂಡಿಲ್ಲಪ್ಪ.”

ಇದನ್ನು ಅವನು ಸಂಕಟದಿಂದಲೇ ಹೇಳಿದ. ಆದರೆ ಆ ಎತ್ತರದ ಬೆನ್ನಿನ ಕುರ್ಚಿಯಿಂದ ಬಂದ ಯಾವ ಸಂಕಟವೂ ಗದರಿಕೆಯಂತೆಯೇ ಕೇಳುತ್ತದೆ. ತಾತನ ಸರ್ವೀಸಿನ ಗತ್ತು ಆ ಮರದಲ್ಲಿ ಇಳಿದಿತ್ತೋ ಏನೋ.

ಕೋಣೆಯಲ್ಲಿ ಗುಸುಗುಸು ಹಬ್ಬಿತು. ಲಿಫ್ಟಣ್ಣನಿಗೆ ಒಂದು ಅನುಮಾನ ಬಂತು. “ಅಲ್ಲಪ್ಪ, ಇದು ನಿಮಗೆಲ್ಲ ಕಡ್ಡಾಯಾನಾ?”

“ಅಯ್ಯೋ ಇಲ್ಲ ಸಾರ್,” ಎಂದಳು ಮುಂದಿನ ಸಾಲಿನ ಹುಡುಗಿ, ಸತ್ಯ ಹೇಳಿದರೆ ಕನಿಕರ ಹುಟ್ಟೀತೆಂಬ ಆಸೆಯಿಂದ. “ನಾವು ಹಗಲು ಕಾಲೇಜಿನವರು. ನಮಗೆ ಯಾವ್ದಾದ್ರೂ ಒಂದು ಸಾಕು. ಇದಕ್ಕೆ ಮೇಷ್ಟ್ರಿಲ್ಲ, ಮೇಷ್ಟ್ರಿಲ್ದೆ ಫೇಲ್ ಮಾಡೋರಿಲ್ಲ, ಎಲ್ರಿಗೂ ಪಾಸಾಗೋವಷ್ಟು ಮಾರ್ಕು ಹಾಕಿಬಿಡ್ತಾರೆ ಅಂತ ತಗೊಂಡ್ವಿ.”

ಲಿಫ್ಟಣ್ಣ ತುಂಬಿದ ಸಾಲುಗಳನ್ನು ಎಣಿಸಿದ. ಬೇಕಾದವರು ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಬೇಡವಾದವರು ಒಳಗೆ ಕುರ್ಚಿಯ ಮೇಲೆ ಕೂತಿದ್ದರು. ಅರವತ್ತಕ್ಕೆ ಅರವತ್ತು. ಲೆಕ್ಕ ಸರಿಯಾಗಿತ್ತು. ಈ ಮಕ್ಕಳನ್ನು ಬೈಯಲೂ ಅವನಿಗೆ ಬಾಯಿ ಬರಲಿಲ್ಲ. ಏನೂ ಕಲಿಸದೆ ಪಾಸು ಮಾಡುವ ಅಂಗಡಿಯನ್ನು ತೆರೆದಿಟ್ಟವರು ಯಾರೋ, ಸಾಲಿನಲ್ಲಿ ನಿಂತ ಗಿರಾಕಿಗಳ ಮೇಲೆ ಸಿಟ್ಟಾಗಿ ಏನು ಪ್ರಯೋಜನ?

ಅಷ್ಟರಲ್ಲಿ ಒಬ್ಬನಿಗೆ ಹೊಟ್ಟೆನೋವು ಬಂತು. ಇನ್ನೊಬ್ಬನಿಗೆ ಮನೆಯಿಂದ ಫೋನು ಬಂತು. ಮೂರನೆಯವನು ಕಾರಣ ಹುಡುಕುವ ಗೋಜಿಗೂ ಹೋಗದೆ ಚೀಲ ಎತ್ತಿಕೊಂಡ. ಪೇಪರು ಬದಲಿಸಲೂ ಇವತ್ತೇ ಕೊನೆ ದಿನವಾಗಿತ್ತು. ಗಿಡುಗ ಕಂಡ ಕೋಳಿಮರಿಗಳ ಹಾಗೆ ಹುಡುಗರು ಬಾಗಿಲಿಗೆ ನುಗ್ಗಿದರು. ತಾತ ಹೊರಗೆ ನಿಂತು “ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ” ಎನ್ನುತ್ತಿದ್ದ. ಧೂಳು ಇಳಿದಾಗ ಕೋಣೆಯಲ್ಲಿ ಐದಾರು ಜನ ಉಳಿದಿದ್ದರು. ಎಲ್ಲರೂ ಕೆಲಸ ಮುಗಿಸಿ ಬಂದವರು. ಒಬ್ಬನ ಅಂಗಿಯ ಮೇಲೆ ಇನ್ನೂ ಸುಣ್ಣದ ಹನಿಗಳಿದ್ದವು.

“ನೋಡ್ರಪ್ಪ,” ಎಂದು ಲಿಫ್ಟಣ್ಣ ಎದ್ದು ನಿಂತ, “ನಾನು ಮೇಷ್ಟ್ರಲ್ಲ...”

ಅವನ ಮಾತು ಮುಗಿಯುವ ಮುಂಚೆ ನರ್ಸಮ್ಮ ಬಿರುಗಾಳಿಯಂತೆ ಒಳಗೆ ಬಂದಳು. ಕೈಯಲ್ಲಿ ನೋಂದಣಿಯ ಚೀಟಿ.

“ಲಿಫ್ಟಣ್ಣಾ! ನಂಗೆ ಸಿಕ್ತು ಕಣೋ! ಯಾರೋ ಕಟುಕ ಮೇಷ್ಟ್ರು ಬಂದಿದ್ದಾರಂತೆ. ಬರೀದೆ ಪಾಸ್ ಮಾಡಲ್ಲ ಅಂದ್ರಂತೆ. ಹುಡುಗರೆಲ್ಲ ಪೇಪರ್ ಬಿಟ್ಟು ಓಡ್ತಿದ್ದಾರೆ. ಸೀಟು ಬೇಕಾದಷ್ಟಿದೆ, ಕಿಟಕಿ ಮುಚ್ಚೋಕೆ ಮುಂಚೆ ಓಡು!” ಆಮೇಲೆ ಅವಳ ಕಣ್ಣು ಕುರ್ಚಿಯ ಮೇಲೆ ಬಿತ್ತು. “ಅಲ್ಲ, ನೀನ್ಯಾಕೆ ಅಲ್ಲಿ ಕೂತಿದ್ದೀಯಾ?”

ಉತ್ತರ ಹೇ‍ಳುತ್ತ ಕೂರಲು ಹೊತ್ತಿರಲಿಲ್ಲ. ಲಿಫ್ಟಣ್ಣ ಓಡಿದ.

*

ಕಿಟಕಿಯ ಚೀಟಿಯನ್ನು ಯಾರೋ ಹರಿದಿದ್ದರು. ಬೆಳಿಗ್ಗೆ ಕಟ್ಟೆಯ ಮೇಲೆ ಮುಖ ಬಾಡಿಸಿಕೊಂಡು ಕೂತಿದ್ದವರೆಲ್ಲ ಈಗ ಸಾಲಾಗಿ ನಿಂತಿದ್ದರು: ಒಬ್ಬ ಪೇಂಟರು, ಮಗುವನ್ನು ಸೊಂಟದಲ್ಲಿಟ್ಟುಕೊಂಡ ಒಬ್ಬಳು, ಬ್ಯಾಂಕಿನ ಬಾಗಿಲು ಕಾಯುವವನು. ಬಿಳಿ ಅಂಗಿಯನ್ನು ಕಂಡು ಅವರು ದಾರಿ ಬಿಟ್ಟರು. ಗುಮಾಸ್ತ ಎದ್ದು ನಿಂತ.

“ಬನ್ನಿ ಸಾರ್. ಮೇಡಂ ಎಲ್ಲ ಹೇಳಿದ್ರು. ಬೆಳಿಗ್ಗೆ ಏನೋ ಬಾಯಿ ತಪ್ಪಿ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಿ.”

“ಇಲ್ಲಪ್ಪ. ಒಂದು ಸೀಟು ಬೇಕಿತ್ತು.”

“ಒಂದೇನು ಸಾರ್, ಬಂದವರಿಗೆಲ್ಲ ಕೊಡ್ತಿದ್ದೀನಿ. ಯಾರಿಗೆ?”

“ನನಗೆ.”

ಗುಮಾಸ್ತ ನಕ್ಕ. ಲಿಫ್ಟಣ್ಣ ನಗಲಿಲ್ಲ. ಗುಮಾಸ್ತನೂ ನಗು ನಿಲ್ಲಿಸಿದ.

“ನಿಮಗೆ ಹೇಗೆ ಕೊಡ್ಲಿ ಸಾರ್? ಪಾಠ ಮಾಡೋರೇ ಪರೀಕ್ಷೆ ಬರೆಯೋ ಹಾಗಿಲ್ಲ. ನಿಯಮ.”

“ನಾನು ಮೇಷ್ಟ್ರಲ್ಲ ಕಣಪ್ಪ. ನನಗೆ ಪದವೀನೇ ಇಲ್ಲ. ಅದಕ್ಕೇ ಬಂದಿರೋದು.”

“ಪದವಿ ಬೇಕಾಗೋದು ಖಾಯಂ ಆಗೋಕೆ ಸಾರ್. ಪಾಠ ಮಾಡೋಕಲ್ಲ.” ಗುಮಾಸ್ತ ದನಿ ತಗ್ಗಿಸಿದ. “ಸರಿ, ನಿಮ್ಮ ಮಾತೇ ಇರ್ಲಿ. ನೀವು ಮೇಷ್ಟ್ರಲ್ಲ ಅಂತ ಬರೀತೀನಿ. ಆಗ ಈ ಪೇಪರಿಗೆ ಮೇಷ್ಟ್ರಿಲ್ಲ. ಮೇಷ್ಟ್ರಿಲ್ಲ ಅಂತ ಗೊತ್ತಾದ ತಕ್ಷಣ ನೋಡಿ, ಆ ಮರದ ಕೆಳಗೆ ನಿಂತಿದ್ದಾರಲ್ಲ, ಅಷ್ಟೂ ಹುಡುಗರು ವಾಪಸ್ ಬರ್ತಾರೆ. ಮೊದಲು ತಗೊಂಡೋರಿಗೆ ಮೊದಲ ಹಕ್ಕು. ಪುನಃ ಫುಲ್. ಆಗ್ಲೂ ನಿಮಗೆ ಸೀಟಿಲ್ಲ. ಇವರಿಗೂ ಇಲ್ಲ.”

ಲಿಫ್ಟಣ್ಣ ಹಿಂದಕ್ಕೆ ತಿರುಗಿದ. ಸಾಲಿನಲ್ಲಿ ನಿಂತವರಿಗೆ ಒಳಗಿನ ಮಾತು ಕೇಳಿಸಿರಲಿಲ್ಲ. ಅವರು ಬಿಳಿ ಅಂಗಿಯ ಬೆನ್ನನ್ನಷ್ಟೇ ನೋಡುತ್ತಿದ್ದರು. ಮಗು ಅಮ್ಮನ ಕೈಯಲ್ಲಿದ್ದ ಕಾಗದವನ್ನು ಎಳೆಯುತ್ತಿತ್ತು, ಅವಳು ಅದನ್ನು ಎತ್ತರಕ್ಕೆ ಹಿಡಿದಿದ್ದಳು. ಮೇಷ್ಟ್ರು ಬಂದರೆ ಸೀಟು ಖಾಲಿ, ಮೇಷ್ಟ್ರು ಹೋದರೆ ಸೀಟು ಭರ್ತಿ. ಎರಡರಲ್ಲಿ ಯಾವುದಾದರೂ ಅವನೊಬ್ಬನಿಗೆ ಒಂದೇ. ಬೇರೆಯವರಿಗೆ ಒಂದೇ ಆಗಿರಲಿಲ್ಲ.

ಎಷ್ಟು ವರ್ಷ ಕಂಬಿಯ ಒಳಗೆ ನಿಂತು ಬಾಗಿಲೆಳೆದಿದ್ದಾನೆ. ಈ ದಿನ ಬಾಗಿಲು ಅವನ ನಾಲಿಗೆಯ ತುದಿಯಲ್ಲಿತ್ತು. ಎಳೆಯಲು ಒಂದು ಮಾತು ಸಾಕಿತ್ತು.

“ಏನಂತ ಬರೀಲಿ ಸಾರ್?” ಎಂದ ಗುಮಾಸ್ತ.

ಲಿಫ್ಟಣ್ಣ ಆ ತಾಯಿ ಎತ್ತಿ ಹಿಡಿದಿದ್ದ ಕಾಗದವನ್ನು ಇನ್ನೊಮ್ಮೆ ನೋಡಿದ. “ಮೊದ್ಲು ಇವರ್ದೆಲ್ಲ ಬರ್ಕೊಳ್ಳಿ,” ಎಂದು ಪಕ್ಕಕ್ಕೆ ಸರಿದ.

ಒಬ್ಬೊಬ್ಬರೂ ಬಂದರು, ಬರೆಸಿದರು, ಹೋಗುವಾಗ ಅವನಿಗೆ ಕೈಮುಗಿದರು. ಕಿಟಕಿ ಮುಚ್ಚುವ ಹೊತ್ತಿಗೆ ಇನ್ನೂ ಎಷ್ಟೋ ಸೀಟುಗಳು ಉಳಿದಿದ್ದವು. ತುಂಬಿದ್ದಾಗ ಅವನಿಗೆ ಜಾಗವಿರಲಿಲ್ಲ, ಖಾಲಿಯಿದ್ದಾಗಲೂ ಜಾಗವಿರಲಿಲ್ಲ. ಜಾಗದ ಪ್ರಶ್ನೆ ಜಾಗದ್ದಲ್ಲ ಎಂಬುದು ಅವನಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ಮಾರ್ಕು ಹಾಕುವವರು ಯಾರೂ ಇರಲಿಲ್ಲ.

“ಅಂದ ಹಾಗೆ,” ಎಂದು ಕೊನೆಗೆ ಕೇಳಿದ, “ಇದಕ್ಕೆ ಸಂಬಳ ಏನಾದ್ರೂ?”

“ನಿಮ್ಮದು ಗೌರವಧನ ಸಾರ್,” ಎಂದ ಗುಮಾಸ್ತ ಕಿಟಕಿಯ ಚಿಲಕ ಹಾಕುತ್ತ. “ಸದ್ಯಕ್ಕೆ ಗೌರವ ಕೊಡ್ತಾರೆ. ಧನ ಮಂಜೂರಾಗ್ಬೇಕು.”

*

ರಾತ್ರಿ ಹೆಂಡತಿ ಬೇಕರಿಯಿಂದ ಬಂದಾಗ ಲಿಫ್ಟಣ್ಣ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಎದುರು ಬಾಗಿಲು ಅರ್ಧ ತೆರೆದಿತ್ತು. ಕುರ್ಚಿ ತರಗತಿಯಲ್ಲೇ ಉಳಿದಿದ್ದರಿಂದ ತಾತ ಒಳಗೆ ಅತ್ತಿತ್ತ ಓಡಾಡುತ್ತಿದ್ದ.

ಅವಳು ಪಕ್ಕದಲ್ಲಿ ಕೂತಳು. ಮೈಯಿಂದ ಸುಟ್ಟ ಸಕ್ಕರೆಯ ವಾಸನೆ ಬರುತ್ತಿತ್ತು. ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ನಡುವೆ ಎರಡು ಸಲ ನಕ್ಕಳು, ಒಂದು ಸಲ ಕಣ್ಣೊರೆಸಿಕೊಂಡಳು. ಎರಡೂ ಯಾವ ಯಾವ ಜಾಗದಲ್ಲಿ ಎಂದು ಅವನು ಗಮನಿಸಲಿಲ್ಲ.

“ನೀವು ಅಲ್ಲಿ ಹೋಗಿ ಏನಂತ ಪಾಠ ಮಾಡ್ತೀರಿ?”

“ನಂಗೇನ್ ಗೊತ್ತು? ಅವರು ಪುಸ್ತಕ ಕೊಟ್ಟಿದ್ದಾರೆ. ಓದಿ ನೋಡ್ಬೇಕು.”

“ಅಂದ್ರೆ ಓದೋದೂ ನೀವೇ.”

“ಓದೋದೂ ನಾನೇ, ಓದ್ಸೋದೂ ನಾನೇ. ಪಾಸಾಗೋದು ಅವರು.”

ಅವಳು ನಿಟ್ಟುಸಿರು ಬಿಟ್ಟು ಅವನ ಮಂಡಿ ತಟ್ಟಿದಳು. “ಹೋಗ್ಲಿ ಬಿಡಿ. ಹೇಗಾದ್ರೂ ಮಾಡಿ ಒಂದು ವರ್ಷ ತಳ್ಳೋಣ. ಮುಂದಿನ ವರ್ಷ ತಗೊಳ್ಳೋರಂತೆ.”

“ಅದೇ ಕಣೇ,” ಎಂದ ಲಿಫ್ಟಣ್ಣ. “ಬರುವಾಗ ಮೇಡಂ ಸಿಕ್ಕಿದ್ರು. ಮುಂದಿನ ವರ್ಷಾನೂ ನಾನೇ ತಗೋಬೇಕಂತೆ.”